ಕ್ಲಚ್ ಪ್ಲೇಟಿಗೆ ಆಯಿಲ್ ಬಿದ್ದರೆ: ಮನೆಯಲ್ಲಿ ಕಟ್ಟಿದ ಗಾಡಿಗೆ ಏನು ಮಾಡಬೇಕು

ಮಾರುತಿ ಓಮ್ನಿಯ 796 ಸಿಸಿ ಇಂಜಿನ್, ಅದರದೇ ಗೇರ್ ಬಾಕ್ಸ್, ಪೈಪ್ ಬೆಸೆದು ಮಾಡಿದ ಚಾಸಿ. ಸ್ವಂತಕ್ಕೆ ಬಗ್ಗಿ (ಚಿಕ್ಕ ತೆರೆದ ಗಾಡಿ) ಕಟ್ಟುವವರಿಗೆ ಇದು ಸಲೀಸಾದ ಜೋಡಿ. ಇಂಥ ಗಾಡಿಯಲ್ಲಿ ಕ್ಲಚ್ ಸ್ಲಿಪ್ ಆಯಿತೆಂದರೆ, ಅಂದರೆ ಪ್ಲೇಟ್ ಹಿಡಿಯದೆ ಜಾರಿತೆಂದರೆ, ಎಲ್ಲರೂ ಮೊದಲು ಮಾಡುವುದು ಹೊಸ ಪ್ಲೇಟ್ ತಂದು ಹಾಕುವುದು. ಆಯಿಲ್ ಎಲ್ಲಿಂದ ಬಂತು ಅಂತ ಗೊತ್ತಾಗುವ ಮುಂಚೆ ಹಾಕಿದ ಹೊಸ ಪ್ಲೇಟ್ ದಂಡ. ಸ್ವಲ್ಪ ದಿನಕ್ಕೆ ಅದೂ ನೆನೆಯುತ್ತದೆ, ಗೇರ್ ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ.

ಇಳಿಸುವ ಮೊದಲು ಕ್ಲಚ್ ಕೇಬಲ್ ನೋಡಿ. ಪೆಡಲ್‌ನಲ್ಲಿ 20 ಮಿ.ಮೀ. ಆಸುಪಾಸು ಫ್ರೀ ಪ್ಲೇ (ಕ್ಲಚ್ ತಾಗುವ ಮುಂಚಿನ ಸಡಿಲ ಚಲನೆ) ಇರಬೇಕು. ಕೇಬಲ್ ಬಿಗಿಯಾಗಿದ್ದರೆ ಒಣ ಪ್ಲೇಟ್ ಕೂಡ ಜಾರುತ್ತದೆ. ಅದು ಸರಿಯಿದ್ದರೆ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿನಲ್ಲಿ ಸ್ವಲ್ಪ ರೇಸ್ ಮಾಡಿ ಕ್ಲಚ್ ಬಿಡಿ. ಗಾಡಿಯ ಮುಂದೆ ಯಾರೂ ನಿಂತಿರಬಾರದು. ಇಂಜಿನ್ ತಕ್ಷಣ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ, ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದು ಸಲ ಸಾಕು, ಪದೇ ಪದೇ ಮಾಡಿದರೆ ಫ್ಲೈವೀಲ್ (ಪ್ಲೇಟ್ ಒತ್ತಿ ಕೂರುವ, ಇಂಜಿನ್ನಿನ ಭಾರದ ಚಕ್ರ) ಸುಡುತ್ತದೆ. ಹೊರಡುವಾಗ ಗಾಡಿ ಗಡಗಡ ನಡುಗಿ, ವೇಗ ಹಿಡಿದ ಮೇಲೆ ಸರಿಹೋಗುತ್ತದೆ ಎಂದರೆ ಪ್ಲೇಟಿನ ಒಂದು ಭಾಗಕ್ಕೆ ಮಾತ್ರ ಆಯಿಲ್ ತಗುಲಿದೆ ಅಂತ ಲೆಕ್ಕ.

ಗೇರ್ ಬಾಕ್ಸ್ ಇಳಿಸುವಾಗ ಅದರ ಭಾರ ಮುಂದೆ ಚಾಚಿ ಕ್ಲಚ್ ಪ್ಲೇಟಿಗೆ ತೂರುವ ಇನ್‌ಪುಟ್ ಶಾಫ್ಟ್ ಮೇಲೆ ನೇತಾಡಲು ಬಿಡಬೇಡಿ. ಪ್ಲೇಟಿನ ನಡುವಿನ ಹಬ್ ಸೊಟ್ಟಗಾಗುತ್ತದೆ. ಕೆಳಗೆ ಜಾಕ್ ಕೊಟ್ಟು ನೇರವಾಗಿ ಹಿಂದಕ್ಕೆ ಎಳೆಯಿರಿ.

ಇಳಿಸಿದ ಕೂಡಲೇ ಒರೆಸಬೇಡಿ. ಕೊಳೆ ಇದ್ದ ಹಾಗೇ ಇರಲಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸೋರಿಕೆಯ ಮೂಲ ಹೇಳುವುದೇ ಆ ಕೊಳೆ. ಒಂದು ತೊಟ್ಟು ಬಿಳಿ ಕಾಗದದ ಮೇಲೆ ಇಡಿ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಇಂಜಿನ್ ಆಯಿಲ್. ಜೇನಿನ ಬಣ್ಣವಿದ್ದು ಗಂಧಕದ ಘಾಟು ಹೊಡೆದರೆ ಗೇರ್ ಆಯಿಲ್. ಆಮೇಲೆ ಜಾಗ ನೋಡಿ. ಫ್ಲೈವೀಲಿನ ಇಂಜಿನ್ ಕಡೆಯ ಮುಖದಲ್ಲಿ ನಡುವಿನಿಂದ ಅಂಚಿಗೆ ಸಿಡಿದ ಗೆರೆಗಳಿದ್ದರೆ ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ಶಾಫ್ಟ್) ಹಿಂದಿನ ಸೀಲ್, ಅಂದರೆ ಆಯಿಲ್ ತಡೆಯುವ ರಬ್ಬರ್ ಬಳೆ, ಸೋರುತ್ತಿದೆ. ಆ ಕಡೆ ಒಣಗಿದ್ದು ಪ್ಲೇಟ್ ಕೂರುವ ಕಡೆ ಮಾತ್ರ ಬೋಲ್ಟ್ ತಲೆಗಳ ಸುತ್ತ ಒದ್ದೆಯಿದ್ದರೆ ಫ್ಲೈವೀಲ್ ಬೋಲ್ಟಿನ ಥ್ರೆಡ್ ಹಿಡಿದು ಆಯಿಲ್ ಬರುತ್ತಿದೆ. ಕೆಲವು ಇಂಜಿನ್‌ಗಳಲ್ಲಿ ಆ ತೂತುಗಳು ಒಳಗಿನವರೆಗೂ ಹೋಗಿರುತ್ತವೆ, ಥ್ರೆಡ್‌ಗೆ ಸೀಲೆಂಟ್ ಹಚ್ಚದೆ ಬಿಗಿದರೆ ಹೀಗಾಗುತ್ತದೆ. ಇದನ್ನು ನೋಡದೆ ಸುಮ್ಮನೆ ಸೀಲ್ ಬದಲಾಯಿಸುವವರೇ ಹೆಚ್ಚು. ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಓಡಾಡುವ ಕೊಳವೆ ಒದ್ದೆಯಾಗಿದ್ದರೆ ಇನ್‌ಪುಟ್ ಶಾಫ್ಟ್ ಸೀಲ್. ಬೆಲ್ ಹೌಸಿಂಗಿನ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಮೇಲ್ಭಾಗದಿಂದ ಇಳಿದ ಗೆರೆ ಕಂಡರೆ ಟ್ಯಾಪೆಟ್ ಕವರ್ ಪ್ಯಾಕಿಂಗ್. ಅದಕ್ಕೆ ಗೇರ್ ಬಾಕ್ಸ್ ಇಳಿಸುವ ಅಗತ್ಯವೇ ಇರಲಿಲ್ಲ.

ಈಗ ಮನೆಯಲ್ಲಿ ಕಟ್ಟಿದ ಗಾಡಿಗೇ ಅಂಟಿದ ಕಾರಣಗಳು. ಕಂಪನಿ ಗಾಡಿಯ ಮೆಕ್ಯಾನಿಕ್‌ಗೆ ಇವು ಹೊಳೆಯುವುದು ಕಷ್ಟ.

ಒಂದು, ಇಂಜಿನ್ ಕೂತ ಓರೆ. ಮೌಂಟ್ ನೀವೇ ಮಾಡಿದ್ದರಿಂದ ಮೂಲ ಗಾಡಿಯಲ್ಲಿದ್ದ ಓರೆ ಇರುವುದಿಲ್ಲ. ಗೇರ್ ಬಾಕ್ಸಿನ ಮುಂಭಾಗ ತಗ್ಗಿದ್ದರೆ ಗೇರ್ ಆಯಿಲ್ ಯಾವಾಗಲೂ ಇನ್‌ಪುಟ್ ಸೀಲಿನ ಮೇಲೆಯೇ ನಿಲ್ಲುತ್ತದೆ. ಇಂಜಿನ್ನಿನ ಬಾಲ ತಗ್ಗಿದ್ದರೆ ಕ್ರ್ಯಾಂಕ್ ಸೀಲಿಗೆ ಅದೇ ಗತಿ. ಲೆವೆಲ್ ಬೋಲ್ಟಿನಿಂದ ಹೊರಚೆಲ್ಲುವವರೆಗೆ ಆಯಿಲ್ ತುಂಬುವ ಕ್ರಮವೂ ಇಲ್ಲಿ ಮೋಸ ಮಾಡುತ್ತದೆ. ಮ್ಯಾನ್ಯುಯಲ್ ಹೇಳುವ ಅಳತೆಯನ್ನು ಪಾತ್ರೆಯಲ್ಲಿ ಅಳೆದು ಹಾಕಿ.

ಎರಡು, ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ದಾರಿ. ಜಾಗವಿಲ್ಲವೆಂದು ಇಂಜಿನ್ ಬ್ರೀದರ್ ಪೈಪಿಗೆ ಬಿರಡೆ ಹಾಕಿದರೆ ಒಳಗಿನ ಒತ್ತಡ ಸೀಲಿನ ತುಟಿಯನ್ನು ಎತ್ತಿ ಆಯಿಲ್ ದೂಡುತ್ತದೆ. ಇಂಜಿನ್ ಐಡ್ಲಿಂಗಿನಲ್ಲಿ ಇರುವಾಗ ಆಯಿಲ್ ಹಾಕುವ ಬಾಯಿಗೆ ತೆಳು ಪ್ಲಾಸ್ಟಿಕ್ ಕವರ್ ಮುಚ್ಚಿ ನೋಡಿ. ಸ್ವಲ್ಪ ಒಳಕ್ಕೆ ಎಳೆದುಕೊಂಡರೆ ಸರಿ. ಬಲೂನಿನ ಹಾಗೆ ಉಬ್ಬಿದರೆ ಬ್ರೀದರ್ ಕಟ್ಟಿದೆ, ಇಲ್ಲವೇ ರಿಂಗ್ ಸವೆದಿವೆ. ಗೇರ್ ಬಾಕ್ಸಿನ ಬ್ರೀದರನ್ನೂ ಮರೆಯಬೇಡಿ. ಎರೆ ಮಣ್ಣಿನ ಕೆಸರಿನಲ್ಲಿ ಓಡಿಸಿದರೆ ಅದು ಸಿಮೆಂಟ್ ಹಾಕಿದಂತೆ ಮುಚ್ಚಿಹೋಗುತ್ತದೆ.

ಮೂರು, ಸೆಂಟರ್. ಬೇರೆ ಗೇರ್ ಬಾಕ್ಸನ್ನು ಅಡಾಪ್ಟರ್ ಪ್ಲೇಟಿನಿಂದ ಕೂರಿಸಿದ್ದರೆ, ಅಥವಾ ಎರಡು ಭಾಗಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಡೋವೆಲ್ ಪಿನ್ ಬಿಟ್ಟು ಬರೀ ಬೋಲ್ಟ್ ಹಾಕಿದ್ದರೆ, ಎರಡು ಶಾಫ್ಟ್‌ಗಳ ಸೆಂಟರ್ ಕೂಡಿರುವುದಿಲ್ಲ. ಇನ್‌ಪುಟ್ ಶಾಫ್ಟ್ ಪ್ರತಿ ಸುತ್ತಿಗೂ ಬೇರಿಂಗನ್ನೂ ಸೀಲನ್ನೂ ಪಕ್ಕಕ್ಕೆ ಒತ್ತುತ್ತದೆ. ಎಷ್ಟು ಸೀಲ್ ಹಾಕಿದರೂ ನಿಲ್ಲದು. ಡಯಲ್ ಗೇಜನ್ನು ಫ್ಲೈವೀಲಿಗೆ ಕೂರಿಸಿ, ಬೆಲ್ ಹೌಸಿಂಗನ್ನು ಮಾತ್ರ ಬಿಗಿದು, ಸ್ಪಾರ್ಕ್ ಪ್ಲಗ್ ತೆಗೆದು ಇಂಜಿನ್ ಕೈಯಲ್ಲಿ ತಿರುಗಿಸಿ ನಡುವಿನ ರಂಧ್ರದ ಓಟ (ರನ್ಔಟ್, ಗೇಜಿನ ಮುಳ್ಳು ಆಚೀಚೆ ಆಡುವ ಅಳತೆ) ಅಳೆಯಿರಿ. ಒಟ್ಟು 0.25 ಮಿ.ಮೀ. ದಾಟಿದರೆ ಡೋವೆಲ್ ತೂತುಗಳನ್ನು ಮತ್ತೆ ಸರಿಯಾಗಿ ಕೊರೆಸಬೇಕು. ಲೇತ್ ಕೆಲಸಕ್ಕೆ ದಾವಣಗೆರೆ ಕಡೆಯವರಿಗೆ ಹರಿಹರ ಹತ್ತಿರವೇ ಇದೆ. ಒಂದು ಕಾಲದಲ್ಲಿ ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರಲ್ಲಿ ಒಳ್ಳೆಯ ಟರ್ನರ್ ಹುಡುಕುವುದು ಕಷ್ಟವಲ್ಲ.

ಸೀಲ್ ಹಾಕುವಾಗ ಸ್ಪ್ರಿಂಗ್ ಇರುವ ತುಟಿ ಆಯಿಲ್ ಕಡೆಗೆ ಇರಬೇಕು, ತುಟಿಗೆ ಆಯಿಲ್ ಸವರಿರಬೇಕು. ಶಾಫ್ಟಿನ ಸ್ಪ್ಲೈನ್ (ಉದ್ದುದ್ದದ ಹಲ್ಲುಗಳು) ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ತೂರಿಸಿ, ಇಲ್ಲದಿದ್ದರೆ ಹರಿತ ಅಂಚು ತುಟಿ ಕುಯ್ಯುತ್ತದೆ. ಸೀಲ್ ಓಡುವ ಜಾಗಕ್ಕೆ ಉಗುರು ಆಡಿಸಿ. ಗೀರು ಸಿಕ್ಕಿದರೆ ಜಾಗವಿದ್ದಲ್ಲಿ ಹೊಸ ಸೀಲನ್ನು ಒಂದೆರಡು ಮಿ.ಮೀ. ಸರಿಸಿ ಕೂರಿಸಿ, ಇಲ್ಲವೇ ರಿಪೇರಿ ಸ್ಲೀವ್ ಹಾಕಿಸಿ. ಇನ್‌ಪುಟ್ ಶಾಫ್ಟಿನ ಬೇರಿಂಗ್ ಕವರಿನಲ್ಲಿ ಆಯಿಲ್ ವಾಪಸ್ ಹರಿಯುವ ಕಾಲುವೆ ಇದ್ದರೆ ಅದು ಕೆಳಗೆ ಬರಬೇಕು. ಕವರ್ ತಲೆಕೆಳಗಾದರೂ, ಸಿಲಿಕಾನ್ ಜಾಸ್ತಿಯಾಗಿ ಕಾಲುವೆ ಮುಚ್ಚಿದರೂ ಹೊಸ ಸೀಲ್ ಸೋರುತ್ತದೆ.

ಇನ್ನು ಪ್ಲೇಟ್. ಲೈನಿಂಗ್ ಆಯಿಲನ್ನು ಹೀರಿಕೊಳ್ಳುತ್ತದೆ. ತಿನ್ನರ್‌ನಲ್ಲಿ ತೊಳೆದರೆ ಮೇಲ್ಮೈ ಒಣಗಿದಂತೆ ಕಾಣುತ್ತದೆ, ಬಿಸಿಯಾದಾಗ ಒಳಗಿನದು ಮತ್ತೆ ಹೊರಗೆ ಬರುತ್ತದೆ. ಪೆಟ್ರೋಲ್ ಸುರಿದು ಬೆಂಕಿ ಹಚ್ಚುವ ಗ್ಯಾರೇಜ್ ಉಪಾಯದಿಂದ ಲೈನಿಂಗ್ ಹಿಡಿದಿಟ್ಟ ಅಂಟೇ ಸುಟ್ಟುಹೋಗುತ್ತದೆ, ಕೈಯೂ ಸುಡಬಹುದು. ಒಂದೆರಡು ಹನಿ ಈಗಷ್ಟೇ ಬಿದ್ದಿದ್ದರೆ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ ನೋಡಬಹುದು. ಲೈನಿಂಗ್ ಕಪ್ಪಾಗಿ ಗಾಜಿನಂತೆ ಹೊಳೆಯುತ್ತಿದ್ದರೆ, ಅಥವಾ ರಿವಿಟ್ ತಲೆಗೆ ಇನ್ನು 0.5 ಮಿ.ಮೀ. ಮಾತ್ರ ಉಳಿದಿದ್ದರೆ, ಹೊಸದು ತನ್ನಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಕಂಪ್ರೆಸರ್ ಗಾಳಿ ಹೊಡೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಬಿಚ್ಚುವ ಮೊದಲು ಫ್ಲೈವೀಲಿಗೂ ಅದಕ್ಕೂ ಸೆಂಟರ್ ಪಂಚಿನಲ್ಲಿ ಗುರುತು ಹಾಕಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಅರ್ಧ ಸುತ್ತಿನಂತೆ ಸಡಿಲಿಸಿ. ಅದನ್ನೂ ಫ್ಲೈವೀಲನ್ನೂ ಬ್ರೇಕ್ ಕ್ಲೀನರ್ ಅಥವಾ ತಿನ್ನರ್‌ನಲ್ಲಿ, ಬೆಂಕಿಯಿಂದ ದೂರ, ಬಯಲಲ್ಲಿ ತೊಳೆಯಿರಿ. ಡೀಸೆಲ್, ಸೀಮೆಎಣ್ಣೆ ಬೇಡ, ಅವೇ ಎಣ್ಣೆಯ ಪೊರೆ ಬಿಡುತ್ತವೆ. ನಂತರ 120 ನಂಬರ್ ಎಮರಿ ಪೇಪರಿನಲ್ಲಿ ಹೊಳಪು ಹೋಗುವವರೆಗೆ ಅಡ್ಡಾದಿಡ್ಡಿ ಉಜ್ಜಿ. ನೀಲಿ ಕಲೆ, ಕೂದಲಿನಂಥ ಬಿರುಕು ಇದ್ದರೆ ಅಥವಾ ಓಟ 0.2 ಮಿ.ಮೀ. ದಾಟಿದ್ದರೆ ಫ್ಲೈವೀಲ್ ಫೇಸಿಂಗ್ ಮಾಡಿಸಿ, ಅಂದರೆ ಲೇತಿನಲ್ಲಿ ಮುಖ ಸಮ ಮಾಡಿಸಿ. ಬಿರುಕು ಆಳವಾಗಿದ್ದರೆ ಬದಲಾಯಿಸಿ. ರಿಲೀಸ್ ಬೇರಿಂಗನ್ನು ಯಾವುದರಲ್ಲೂ ಅದ್ದಬೇಡಿ, ಒಳಗಿನ ಗ್ರೀಸ್ ಕರಗಿಹೋಗುತ್ತದೆ.

ಜೋಡಿಸುವಾಗ ಸ್ಪ್ಲೈನ್‌ಗೆ ಕಾಣೋ ಕಾಣದ ಹಾಗೆ ಗ್ರೀಸ್ ಸಾಕು. ಧಾರಾಳವಾಗಿ ಮೆತ್ತಿದರೆ ಅದೇ ಸಿಡಿದು ಹೊಸ ಪ್ಲೇಟ್ ಮೇಲೆ ಕೂರುತ್ತದೆ. ಪ್ಲೇಟನ್ನು ಅಂಚಿನಲ್ಲಿ ಹಿಡಿಯಿರಿ, ಅದನ್ನು ನಡುವಿಗೆ ಕೂರಿಸುವ ಸೆಂಟರಿಂಗ್ ಟೂಲ್ ಹಾಕಿ, ಪ್ರೆಶರ್ ಪ್ಲೇಟ್ ಕವರಿನ 8 ಮಿ.ಮೀ. ಬೋಲ್ಟ್‌ಗಳನ್ನು 20ರಿಂದ 25 ನ್ಯೂಟನ್ ಮೀಟರ್‌ಗೆ ಎದುರುಬದುರಾಗಿ ಬಿಗಿಯಿರಿ. ಬೆಲ್ ಹೌಸಿಂಗಿನ ತಳದಲ್ಲಿ ತೂತು ಇಲ್ಲದಿದ್ದರೆ, ಅಥವಾ ಅಡಾಪ್ಟರ್ ಅದನ್ನು ಮುಚ್ಚಿದ್ದರೆ, ಜೋಡಿಸುವ ಮುಂಚೆಯೇ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ 6 ಮಿ.ಮೀ. ತೂತು ಕೊರೆದು ಲೋಹದ ಚೂರುಗಳನ್ನು ತೆಗೆದುಬಿಡಿ. ಸೋರಿದ್ದು ಒಳಗೆ ನಿಲ್ಲದೆ ಹೊರಗೆ ಬೀಳುತ್ತದೆ.

ರಿಜಿಸ್ಟ್ರೇಷನ್ ಇಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಒಯ್ಯುವಂತಿಲ್ಲ, ಪರೀಕ್ಷೆ ಸ್ವಂತ ಜಾಗದಲ್ಲೇ ಆಗಲಿ. ಮೊದಲ ದಿನಗಳಲ್ಲಿ ಹಾಫ್ ಕ್ಲಚ್ ಬೇಡ, ಭಾರ ಎಳೆಯುವುದೂ ಬೇಡ. ರಾತ್ರಿ ನಿಲ್ಲಿಸುವಾಗ ತೂತಿನ ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ಹನಿ ಕಂಡರೆ ಪ್ಲೇಟ್ ನೆನೆಯುವ ಮುಂಚೆಯೇ ಗಾಡಿ ನಿಲ್ಲಿಸಿ, ಬಣ್ಣ ನೋಡಿ ಮೂಲ ಹಿಡಿಯಿರಿ.