ಹಳೇ ಆಂಪ್ಲಿಫೈಯರನ್ನು ನೇರ ಪ್ಲಗ್ಗಿಗೆ ಚುಚ್ಚಬೇಡಿ
ಮುಂಬಯಿಯ ಚೋರ್ ಬಜಾರಿನಿಂದ ಹಳೇ ಆಂಪ್ಲಿಫೈಯರ್ ತಂದವರು ಮೊದಲು ಹಿಂಬದಿಯ ವೋಲ್ಟೇಜ್ ಓದಿ. ಜಪಾನಿನ ಒಳಮಾರುಕಟ್ಟೆಯ ಮಾಡೆಲ್ 100 ವೋಲ್ಟಿನದು. ನಮ್ಮ 230ಕ್ಕೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ವೋಲ್ಟೇಜ್ ಸರಿಯಿದ್ದರೂ ಸ್ಪೀಕರ್ ಜೋಡಿಸದೆ, ಫೇಸ್ ವೈರಿಗೆ ಸರಣಿಯಲ್ಲಿ 60 ವ್ಯಾಟಿನ ಹಳೇ ತಂತಿ ಬಲ್ಬ್ ಹಾಕಿ ಆನ್ ಮಾಡಿ. ಎಲ್‌ಇಡಿ ನಡೆಯಲ್ಲ. ಪ್ರೀಮಿಯರ್ ಪದ್ಮಿನಿ ಕಾರಿನ ವೈರಿಂಗ್ ಬಿಚ್ಚುವವರಿಗೆ ಟೆಸ್ಟ್ ಲ್ಯಾಂಪ್ ಗೊತ್ತಲ್ಲ, ಇದೂ ಅದರ ದಾಯಾದಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್ ತುಂಬಿತೆಂದು ಅರ್ಥ. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್, ಕೂಡಲೇ ಆಫ್ ಮಾಡಿ.

ಪಾಸಾದರೆ ಬಲ್ಬ್ ತೆಗೆದು ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ (ಒಂದೇ ದಿಕ್ಕಿನ ವಿದ್ಯುತ್) ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿರಲಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದ್ದರೆ 30 ವೋಲ್ಟೂ ಬರಬಹುದು, ವೂಫರ್ (ದಪ್ಪ ದನಿಯ ಸ್ಪೀಕರ್) ಕಾಯಿಲ್ ಗೋವಿಂದ!

ಮಳೆಗಾಲದ ತೇವಕ್ಕೆ ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಗ್ಯಾರೇಜಿನ ತುಕ್ಕಿನ ಸ್ಪ್ರೇ ಹೊಡೆಯಬೇಡಿ, ಎಣ್ಣೆಪಸೆಗೆ ಧೂಳು ಅಂಟುತ್ತದೆ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಾಂಟಾಕ್ಟ್ ಕ್ಲೀನರ್ ಕೇಳಿ.