ಸ್ಕೋರ್ ಬರೆಯುತ್ತಾ ಬೇಸ್‌ಬಾಲ್ ಕಲಿತೆ

ಕ್ಯಾಲಿಫೋರ್ನಿಯಾಗೆ ಬಂದು ಮೂರು ವರ್ಷವಾದರೂ ಬೇಸ್‌ಬಾಲ್ ನನ್ನ ತಲೆಗೆ ಹತ್ತಿರಲಿಲ್ಲ. ಆಮೇಲೆ ಮಗ ಲಿಟಲ್ ಲೀಗ್‌ಗೆ ಸೇರಿದ. ಅವನ ತಂಡದಲ್ಲಿ ಸ್ಕೋರ್ ಬರೆಯುವುದು ಅಪ್ಪ-ಅಮ್ಮಂದಿರ ಕೆಲಸ. "ನೀವು ಕ್ರಿಕೆಟ್ ದೇಶದವರು, ನಿಮಗೇನು ಕಷ್ಟ" ಎಂದು ಕೋಚ್ ಪುಸ್ತಕ, ಪೆನ್ಸಿಲ್ ಕೈಗಿಟ್ಟರು.

ಮೊದಲ ಪಂದ್ಯದಲ್ಲೇ ಮರ್ಯಾದೆ ಹೋಯಿತು. ಎರಡು ಸ್ಟ್ರೈಕ್ (ಬೀಸಿ ತಪ್ಪಿದ, ಇಲ್ಲವೇ ಹೊಡೆಯುವಂತಿದ್ದರೂ ಬಿಟ್ಟ ಎಸೆತ) ಆಗಿದ್ದ ಹುಡುಗ ಹೊಡೆದ ಚೆಂಡು ಅಂಚಿಗೆ ತಾಗಿ ಹಿಂದಿನ ಬಲೆಗೆ ಹೋಯಿತು. ಫೌಲ್. ಫೌಲ್ (ಗೆರೆಯಾಚೆ ಹೋದ ಹೊಡೆತ) ಅಂದರೆ ಸ್ಟ್ರೈಕ್ ಎಂದು ಓದಿಕೊಂಡಿದ್ದೆ, ಔಟ್ ಬರೆದೆ. ನೋಡಿದರೆ ಹುಡುಗ ಅಲ್ಲೇ ನಿಂತಿದ್ದಾನೆ! ಪಕ್ಕದಲ್ಲಿದ್ದ ಅಜ್ಜ ನಕ್ಕು ಬಿಡಿಸಿ ಹೇಳಿದರು. ಎರಡು ಸ್ಟ್ರೈಕ್ ಆಗುವವರೆಗೆ ಮಾತ್ರ ಫೌಲ್ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಎಷ್ಟು ಹೊಡೆದರೂ, ಯಾರೂ ಹಿಡಿಯದಿದ್ದರೆ, ಔಟಿಲ್ಲ. ಬಂಟ್ ಮಾಡಲು, ಅಂದರೆ ಬೀಸದೆ ಚೆಂಡಿಗೆ ಬ್ಯಾಟನ್ನು ಮೆತ್ತಗೆ ತಾಗಿಸಲು, ಹೋಗಿ ಫೌಲ್ ಆದರೆ ಮಾತ್ರ ಕಥೆ ಮುಗಿಯಿತು. ಲೇಟ್ ಕಟ್‌ಗೆ ಚಪ್ಪಾಳೆ ತಟ್ಟಿ ಬೆಳೆದ ನನಗೆ, ಹಿಂದೆ ಹೋದ ಚೆಂಡಿಗೆ ಬೆಲೆಯೇ ಇಲ್ಲ ಅನ್ನುವುದು ಜೀರ್ಣವಾಗಲು ಟೈಮ್ ಬೇಕಾಯಿತು.

ಮಿಕ್ಕಿದ್ದು ಸುಲಭ. ಮೂರು ಸ್ಟ್ರೈಕ್‌ಗೆ ಔಟ್. ನಾಲ್ಕು ಬಾಲ್ (ಸರಿಯಾದ ಜಾಗಕ್ಕೆ ಬಾರದ, ಬ್ಯಾಟ್ ಬೀಸದೆ ಬಿಟ್ಟ ಎಸೆತ) ಆದರೆ ಮೊದಲ ಬೇಸ್, ಅಂದರೆ ಓಟದ ಮೊದಲ ನಿಲ್ದಾಣ, ಪುಕ್ಕಟೆ. ಅದಕ್ಕೆ ‘ಬಿಬಿ’ (ಬೇಸ್ ಆನ್ ಬಾಲ್ಸ್) ಎಂದು ಬರೆಯುತ್ತಾರೆ, ನಾನು ಎರಡು ಬೈ ಅಂದುಕೊಂಡಿದ್ದೆ! ಮೂವರು ಔಟಾದರೆ ಎದುರಾಳಿಗಳ ಸರದಿ. ದೊಡ್ಡವರಿಗೆ 9 ಇನಿಂಗ್ಸ್, ಲಿಟಲ್ ಲೀಗ್ ಮಕ್ಕಳಿಗೆ 6.

ನನಗೆ ನಿಜಕ್ಕೂ ಹಿಡಿಸಿದ್ದು ಅಂಕಿಗಳ ಭಾಷೆ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ 2, ಮೂರು ಬೇಸ್ ಕಾಯುವವರು 3, 4, 5, ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಹೊರಗಿನ ಮೂವರು ಎಡದಿಂದ 7, 8, 9. ಇದು ಜೆರ್ಸಿ ನಂಬರ್ ಅಲ್ಲ, ನಿಲ್ಲುವ ಜಾಗದ ನಂಬರ್. ‘6-4-3’ ಎಂದು ಬರೆದರೆ ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸ್‌ಗೆ ಎಸೆದ, ಅಲ್ಲಿಂದ ಮೊದಲ ಬೇಸ್‌ಗೆ ಹೋಯಿತು, ಇಬ್ಬರು ಔಟ್. ಮಕ್ಕಳ ಆಟದಲ್ಲಿ ಇದು ಅಪರೂಪ, ಬರೆಯುವಾಗ ನನ್ನ ಕೈ ನಡುಗಿತ್ತು. ಇಲ್ಲಿ ಓಡುವವನನ್ನು ಮುಟ್ಟಬೇಕಿಲ್ಲ. ಹಿಂದಿನವನು ಬರುತ್ತಿರುವುದರಿಂದ ಅವನು ಮುಂದಕ್ಕೆ ಓಡಲೇಬೇಕು, ಚೆಂಡು ಹಿಡಿದವನು ಬೇಸ್ ತುಳಿದರೆ ಸಾಕು. ನಮ್ಮ ರನೌಟ್‌ನಲ್ಲಿ ಬೇಲ್ಸ್ ಹಾರಿಸಿದ ಹಾಗೆ. ಓಡಲೇಬೇಕೆಂಬ ಒತ್ತಾಯ ಇಲ್ಲದಿದ್ದರೆ ಮಾತ್ರ ಚೆಂಡು ಹಿಡಿದು ಅವನನ್ನೇ ಮುಟ್ಟಬೇಕು.

ಮೂರು ಸ್ಟ್ರೈಕ್‌ನ ಔಟಿಗೆ, ಅಂದರೆ ಸ್ಟ್ರೈಕೌಟ್‌ಗೆ, ‘ಕೆ’ ಎಂದು ಬರೆಯುವುದು ಯಾಕೆ? ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಕ್ರಿಕೆಟ್ ವರದಿಯನ್ನೂ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್ 19ನೇ ಶತಮಾನದಲ್ಲಿ ಮಾಡಿದ ಏರ್ಪಾಡು ಅದು. ‘ಎಸ್’ ಆಗಲೇ ಸ್ಯಾಕ್ರಿಫೈಸ್‌ಗೆ (ತಾನು ಔಟಾಗಿ ಜೊತೆಯವನನ್ನು ಮುಂದೆ ಕಳಿಸುವ ಹೊಡೆತ) ಹೋಗಿತ್ತು, ಅದಕ್ಕೇ ‘ಸ್ಟ್ರಕ್’ ಪದದ ಕೊನೆಯ ಅಕ್ಷರ ತೆಗೆದುಕೊಂಡರು. ಪಿಚರ್ ಹೆಸರಿನ ಮುಂದೆ 5.1 ಇನಿಂಗ್ಸ್ ಎಂದಿದ್ದರೆ ಐದು ಇನಿಂಗ್ಸ್ ಮತ್ತು ಒಂದು ಔಟ್. ಓವರ್ ಲೆಕ್ಕ ಗೊತ್ತಿದ್ದವರಿಗೆ ಇದು ನೀರು ಕುಡಿದಷ್ಟು ಸುಲಭ ಅಲ್ವಾ?

ಬ್ಯಾಟ್ ಬೀಸದೆ ಸುಮ್ನೆ ನಿಂತು ಮೂರನೇ ಸ್ಟ್ರೈಕ್ ತಿಂದರೆ ಉಲ್ಟಾ ‘ಕೆ’. ಹೋದ ಶನಿವಾರ ನನ್ನ ಮಗನ ಹೆಸರಿನ ಮುಂದೆಯೇ ಅದನ್ನು ಬರೆದೆ. ಬಂದು ಪುಸ್ತಕ ಇಣುಕಿ ನೋಡಿದ. "ಅಪ್ಪಾ, ಅದು ಬಾಲ್ ಆಗಿತ್ತು. ಅಳಿಸು."

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೆ.