ಸೋಷಿಯಲ್ ಮೀಡಿಯಾ ಬಿಡುವಾಗ ಆ 30 ದಿನ ದಾಟುವುದು ಹೇಗೆ?

ಫೋನಿನಿಂದ ಆ್ಯಪ್ ತೆಗೆದ ಮಾತ್ರಕ್ಕೆ ಅಕೌಂಟ್ ಹೋಗುವುದಿಲ್ಲ. ಬ್ರೌಸರಿನಲ್ಲಿ ಪಾಸ್‌ವರ್ಡ್ ಹಾಕಿದರೆ ಎಲ್ಲವೂ ಮತ್ತೆ ಕಣ್ಣೆದುರು. ಡಿಲೀಟ್ ಒತ್ತಿದ ಮೇಲೂ 30 ದಿನ ಮನಸ್ಸು ಬದಲಿಸಲು ಅವಕಾಶವಿರುತ್ತದೆ. ಬಿಡುವುದಾದರೆ ಬೇರು ಸಮೇತ ಬಿಡಿ.

ಅದು ಯಾಕೆ ಅಷ್ಟು ಕಷ್ಟವೆಂದು ಮೊದಲು ತಿಳಿದಿರಲಿ. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ; ಫೀಡಿನಲ್ಲಿ 'ಸಾಕು' ಅನ್ನಿಸುವ ಜಾಗವೇ ಇಲ್ಲ. ಹೆಬ್ಬೆರಳಿನಿಂದ ಪರದೆಯನ್ನು ಕೆಳಗೆಳೆದಾಗ ಒಮ್ಮೆ ಇಷ್ಟವಾಗುವುದೇನೋ ಸಿಗುತ್ತದೆ, ಹಲವು ಸಲ ಏನೂ ಇರುವುದಿಲ್ಲ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ್ದಕ್ಕೇ ಕೈ ಮತ್ತೆ ಮತ್ತೆ ಎಳೆಯುತ್ತದೆ. ಜೂಜಿನ ಯಂತ್ರ ಹಿಡಿದು ಕೂರಿಸುವುದೂ ಹೀಗೆಯೇ. ರಾತ್ರಿ 'ಐದೇ ನಿಮಿಷ' ಎಂದು ತೆರೆದದ್ದು ನಿದ್ದೆ ತಿನ್ನುವುದು ಇದರಿಂದಲೇ. ಮನಸ್ಸು ಗಟ್ಟಿಯಿಲ್ಲವೆಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಡಿಲೀಟ್ ಒತ್ತುವ ಮೊದಲು ನಿಮ್ಮ ಫೋಟೊ, ಮೆಸೇಜುಗಳನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಎಚ್‌ಟಿಎಂಎಲ್ ಮಾದರಿ ಆರಿಸಿದರೆ ಬ್ರೌಸರಿನಲ್ಲೇ ತೆರೆಯುತ್ತದೆ. ಫೈಲ್ ಸಿದ್ಧವಾಗಲು ಸಮಯ ಹಿಡಿಯುತ್ತದೆ, ಲಿಂಕ್ ಕೆಲವೇ ದಿನ ಇರುತ್ತದೆ. ಇಳಿಸಿಕೊಂಡ ಮೇಲೆ ನಾಲ್ಕು ಫೋಟೊ ತೆರೆದು ನೋಡಿಯೇ ಮುಂದುವರಿಯಿರಿ. ಫೇಸ್‌ಬುಕ್ ಮೂಲಕ ಲಾಗಿನ್ ಆಗುವ ಬೇರೆ ಸೈಟುಗಳಿಗೆ ಇಮೇಲ್, ಪಾಸ್‌ವರ್ಡ್ ಹಾಕಿಡಿ. ಮರೆತರೆ ಅಲ್ಲಿಯೂ ಬಾಗಿಲು ಮುಚ್ಚುತ್ತದೆ. ಬೇಕಾದವರ ಫೋನ್ ನಂಬರ್ ಬರೆದುಕೊಳ್ಳಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೂ ದಾರಿ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಸೆಂಟರ್‌ನಲ್ಲಿದೆ. ಅಲ್ಲಿ ಡಿಆ್ಯಕ್ಟಿವೇಟ್, ಡಿಲೀಟ್ ಎಂದು ಎರಡು ಆಯ್ಕೆ ಕಾಣುತ್ತವೆ. ಮೊದಲನೆಯದು ಬರೀ ಮರೆಮಾಡುತ್ತದೆ. ಡಿಲೀಟ್ ಆರಿಸಿ. 30 ದಿನ ರದ್ದು ಮಾಡಲು ಅವಕಾಶವಿರುತ್ತದೆ; ಆಮೇಲೆ ಮಾಹಿತಿ ಪೂರ್ತಿ ಅಳಿಯಲು 90 ದಿನದವರೆಗೂ ಹಿಡಿಯಬಹುದು. ನೀವು ಕಳಿಸಿದ ಮೆಸೇಜುಗಳು ಮಾತ್ರ ಎದುರಿನವರ ಇನ್‌ಬಾಕ್ಸಿನಲ್ಲಿ ಉಳಿಯುತ್ತವೆ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಡಿಆ್ಯಕ್ಟಿವೇಟ್ ಮಾಡಿ 30 ದಿನ ಲಾಗಿನ್ ಆಗದಿದ್ದರೆ ಅಕೌಂಟ್ ಅಳಿಯುತ್ತದೆ.

ಕೆಲಸ ಕೆಡುವುದು ಈ 30 ದಿನಗಳಲ್ಲೇ. ಬ್ರೌಸರಿನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್ ಅಳಿಸಿ, ಎಲ್ಲ ಸಾಧನಗಳಲ್ಲೂ ಲಾಗ್‌ಔಟ್ ಆಗಿ. ಮೊದಲ ದಿನಗಳಲ್ಲಿ ಹೆಬ್ಬೆರಳು ಆ್ಯಪ್ ಇದ್ದ ಜಾಗಕ್ಕೆ ತಾನಾಗಿಯೇ ಹೋಗಿ ಒತ್ತುತ್ತದೆ. ಅಲ್ಲಿ ಯೂಟ್ಯೂಬ್ ತಂದಿಡಬೇಡಿ, ಶಾರ್ಟ್ಸ್ ಕೂಡ ಅದೇ ಕೊನೆಯಿಲ್ಲದ ಫೀಡು. ಓದುವ ಆ್ಯಪ್ ಇಡಿ, ಇಲ್ಲವೇ ಖಾಲಿ ಬಿಡಿ. ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ, ಏಳಲು ಬೇರೆ ಅಲಾರಂ ಗಡಿಯಾರ ಇಟ್ಟುಕೊಳ್ಳಿ.

ತಪ್ಪಿ ಲಾಗಿನ್ ಆಗಿಬಿಟ್ಟರೆ ಗಾಬರಿ ಬೇಡ. ಡಿಲೀಟ್ ರದ್ದಾಗಿದೆಯೇ ನೋಡಿ. ಆಗಿದ್ದರೆ ಆ ಕ್ಷಣವೇ ಮತ್ತೆ ಒತ್ತಿ, 30 ದಿನದ ಲೆಕ್ಕ ಅಂದಿನಿಂದ ಶುರು.